ಪ್ಲಾಸ್ಟಿಕ್ಕಿನಿಂದ ಎಣ್ಣೆ ತೆಗೆದ ಅಕ್ಕ

ಅಕ್ಕ ಪ್ಲಾಸ್ಟಿಕ್ಕಿನ ಚೂರನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿ, ಅದು ಯಾವ ಜಾತಿಯದು ಎಂದು ಹೇಳುತ್ತಿದ್ದರು. ಹಾಲಿನ ಕವರು ಮೆತ್ತಗೆ ಪಿಸುಗುಡುತ್ತದೆ, ಬಿಸ್ಕತ್ತಿನ ಹೊದಿಕೆ ಚರಚರ ಅನ್ನುತ್ತದೆ, ಶಾಂಪೂ ಪೊಟ್ಟಣಕ್ಕೆ ದನಿಯೇ ಬೇರೆ ಎನ್ನುವುದು ಅವರ ಲೆಕ್ಕ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅವರ ಘಟಕಕ್ಕೆ ಕೆಲಸಕ್ಕೆ ಸೇರಿದ ಮೊದಲ ದಿನ, ನನ್ನ ಕೈಗೂ ಎರಡು ಚೂರು ಕೊಟ್ಟು ಕೇಳಿಸಿದರು. ನನಗೆ ಎರಡೂ ಒಂದೇ ಥರ ಕೇಳಿಸಿದವು. "ಕೇಳಿಸ್ತದೆ ಬಿಡು, ಒಂದು ಮಳೆಗಾಲ ಕಳೀಲಿ" ಅಂದರು. ಅವರಿಗೂ ಆಗಾಗ ತಪ್ಪಾಗುತ್ತಿತ್ತು. ತಪ್ಪಾದಾಗ ಆ ಚೂರನ್ನೇ ಬೈದು ಆಚೆಗೆ ಎಸೆಯುತ್ತಿದ್ದರು.

ಹೋದ ತಿಂಗಳು ಅಕ್ಕ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಘಟಕದ ಬೋರ್ಡಿನ ಮೇಲೂ ಅವರು ಹೆಸರು ಹಾಕಿಸಿರಲಿಲ್ಲ. ಕೆಲಸದವರಿಗೆ, ಲಾರಿ ಡ್ರೈವರುಗಳಿಗೆ, ಪುರಸಭೆಯವರಿಗೆ, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದ ನನಗೆ, ಎಲ್ಲರಿಗೂ ಅವರು ಅಕ್ಕ. ನನ್ನನ್ನು ಮಾತ್ರ ಅವರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಬಾರಮ್ಮ ಕೆಮಿಸ್ಟ್ರಿ" ಎಂದೇ ಕರೆಯುತ್ತಿದ್ದರು.

ಅವರ ತವರು ಹಾಸನದ ಕಡೆಯ ಮೊಸಳೆ ಎಂಬ ಊರಿನ ಹತ್ತಿರದ ಒಂದು ಹಳ್ಳಿ. ಕೊಟ್ಟದ್ದು ಹೊಳೆನರಸೀಪುರ ತಾಲ್ಲೂಕಿಗೆ. ಎರಡೂ ಕಡೆ ಜಮೀನಿದ್ದ ಮನೆಗಳೇ. ಗಂಡ ಬೇಗ ತೀರಿಕೊಂಡರು. ಒಬ್ಬಳೇ ಮಗಳು ಮದುವೆಯಾಗಿ ಕೊಣನೂರಿನಲ್ಲಿ ಗಂಡನ ಜೊತೆ ಔಷಧಿ ಅಂಗಡಿ ನೋಡಿಕೊಳ್ಳುತ್ತಾಳೆ. ಅಕ್ಕ ಬಹಳ ವರ್ಷ ತಮ್ಮೂರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದರು. ಆ ಕೆಲಸ ಅವರ ಬೆರಳಲ್ಲೇ ಉಳಿದಿತ್ತು. ಯಾವ ದ್ರವ ಕಂಡರೂ ಒಂದು ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಮ್ಮ ಎಣ್ಣೆಯನ್ನೂ ಹಾಗೇ ನೋಡುತ್ತಿದ್ದರು. ಹೋಟೆಲಿನಲ್ಲಿ ಸಾಂಬಾರನ್ನೂ ಹಾಗೇ ನೋಡುತ್ತಿದ್ದರು.

ಡೈರಿ ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದದ್ದು ಹೇಗೆ ಎಂದು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದ ಕತೆ ಒಂದೇ. ಅವರ ಗದ್ದೆ ನಾಲೆಯ ಕಟ್ಟಕಡೆಯಲ್ಲಿತ್ತು. ಮೇಲಿನ ಊರುಗಳವರು ನಾಲೆಗೆ ಎಸೆದದ್ದೆಲ್ಲ ತೇಲಿಕೊಂಡು ಬಂದು ಅವರ ಗದ್ದೆಯ ತೂಬಿನ ಬಾಯಿಗೆ ಕೂರುತ್ತಿತ್ತು. ನಾಟಿಯ ಕಾಲದಲ್ಲಿ ನೀರು ಬಿಟ್ಟಾಗ ಗದ್ದೆಗೆ ನೀರಿನ ಬದಲು ಕವರುಗಳು ಬರುತ್ತಿದ್ದವು. ಅಕ್ಕ ಸೀರೆ ಎತ್ತಿ ಕಟ್ಟಿ ನಾಲೆಗಿಳಿದು ಅದನ್ನೆಲ್ಲ ಎಳೆದು ಮನೆಗೆ ತಂದು ಕೊಟ್ಟಿಗೆಯ ಹಿಂದೆ ರಾಶಿ ಹಾಕಿದರು. ರಾಶಿ ಕೊಟ್ಟಿಗೆಯ ಸೂರಿನ ಎತ್ತರಕ್ಕೆ ಬೆಳೆಯಿತು. ಮೈದುನ ನೋಡಿ ನೋಡಿ ಸಾಕಾಗಿ ಕೇಳಿದರಂತೆ.

"ಇದನ್ಯಾಕೆ ಅತ್ಗೆ ಮನೆಗ್ ತತ್ತೀಯ? ಎಲ್ಲಾದ್ರೂ ಬಿಸಾಕ್ಬಾರ್ದಾ?"

"ಎಲ್ಲಿಗ್ ಬಿಸಾಕ್ಲಿ? ಎಲ್ರೂ ಬಿಸಾಕೋ ಜಾಗನೇ ನನ್ ಗದ್ದೆ."

ಪ್ಲಾಸ್ಟಿಕ್ಕನ್ನು ಕಾಯಿಸಿ ಎಣ್ಣೆ ತೆಗೆಯುತ್ತಾರೆ ಎಂದು ಯಾರೋ ಹೇಳಿದರು. ತುಮಕೂರಿನ ಕಡೆ ಅಂಥ ಘಟಕವೊಂದಿದೆ ಎಂದು ಕೇಳಿ ಹೋಗಿ, ಅಲ್ಲಿನ ಗೇಟಿನಲ್ಲಿ ಕೂತು, ಒಳಗೆ ಬಿಡುವವರೆಗೂ ಏಳಲಿಲ್ಲ. ಆಮೇಲೆ ಬಾಗಿಲು ಮುಚ್ಚಿದ ಇನ್ನೊಂದು ಕಾರ್ಖಾನೆಯಿಂದ ಹಳೆಯ ಯಂತ್ರ ತಂದು, ಹಾಸನ–ಹೊಳೆನರಸೀಪುರ ರಸ್ತೆಯ ಬದಿಯಲ್ಲಿದ್ದ ತಮ್ಮ ಒಣಭೂಮಿಯಲ್ಲಿ ಶೆಡ್ಡು ಹಾಕಿಸಿದರು.

ನಾನು ಸೇರುವ ಹೊತ್ತಿಗೆ ಘಟಕ ನಡೆಯುತ್ತಿತ್ತು. ಅದರ ನಡುವೆ ಒಂದು ದೊಡ್ಡ ಉಕ್ಕಿನ ಪೀಪಾಯಿ ಅಡ್ಡ ಮಲಗಿರುತ್ತದೆ. ಹುಡುಗರು ಅದಕ್ಕೆ ಹಂಡೆ ಅನ್ನುತ್ತಿದ್ದರು. ಆರಿಸಿ ಒಣಗಿಸಿದ ಪ್ಲಾಸ್ಟಿಕ್ಕನ್ನು ಅದರೊಳಗೆ ತುಂಬಿ, ಗಾಳಿಯಾಡದಂತೆ ಬಾಯಿ ಬಿಗಿದು, ಕೆಳಗಿನಿಂದ ಬೆಂಕಿ ಕೊಡುತ್ತಾರೆ. ಗಾಳಿ ಇಲ್ಲದ್ದರಿಂದ ಪ್ಲಾಸ್ಟಿಕ್ಕು ಉರಿಯುವುದಿಲ್ಲ, ಕರಗಿ ಆವಿಯಾಗುತ್ತದೆ. ಆ ಆವಿ ತಣ್ಣೀರಿನ ಕೊಳವೆಗಳ ನಡುವೆ ಹಾದು ಬಂದರೆ ಕೆಂಗಂದು ಬಣ್ಣದ ಎಣ್ಣೆ. ತಣಿಯದೆ ಉಳಿದ ಅನಿಲವನ್ನು ಮತ್ತೆ ಒಲೆಗೇ ಕೊಡುವುದು. ಹಂಡೆಯ ತಳದಲ್ಲಿ ಕಪ್ಪು ಪುಡಿ ಉಳಿಯುತ್ತದೆ. ಎಣ್ಣೆಯನ್ನು ಡಾಂಬರು ಕಾಯಿಸುವವರು, ಕಾರ್ಖಾನೆಗಳ ಬಾಯ್ಲರಿನವರು ಕೊಂಡೊಯ್ಯುತ್ತಿದ್ದರು. ಆ ಎಣ್ಣೆ ಎಷ್ಟು ದಪ್ಪ, ಎಷ್ಟು ಬಿಸಿಗೆ ಹೊತ್ತಿಕೊಳ್ಳುತ್ತದೆ ಎಂದು ನೋಡುವುದು ನನ್ನ ಕೆಲಸ. ಹಂಡೆ ನಡೆಸುವ ಜವಾಬ್ದಾರಿ ರಂಗಸ್ವಾಮಿಯದು. ಅವನು ಅರಕಲಗೂಡಿನವನು, ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ ಮಾಡಿ ಬಂದವನು. ಕೆಲಸದಲ್ಲಿ ಗಟ್ಟಿ, ಬಾಯಿಯಲ್ಲಿ ಇನ್ನೂ ಗಟ್ಟಿ.

ಅಕ್ಕ ಹಟದ ಹೆಂಗಸು. ನೀರಿನ ಪೈಪಿನ ಚೂರುಗಳನ್ನು ಹಂಡೆಗೆ ಹಾಕಬಾರದು, ಹಾಕಿದರೆ ಕಾಯಿಸುವಾಗ ಆಸಿಡ್ ಹುಟ್ಟುತ್ತದೆ. ಲಾರಿಯಲ್ಲಿ ಅಂಥ ಚೂರುಗಳು ಬೆರೆತು ಬಂದರೆ ಡ್ರೈವರನ್ನೇ ಕೆಳಗಿಳಿಸಿ ಆರಿಸಲು ಕೂರಿಸುತ್ತಿದ್ದರು, ತಾವೂ ಎದುರಿಗೆ ಕೂತು ಆರಿಸುತ್ತಿದ್ದರು. ಕಸದಲ್ಲಿ ಆಟದ ಸಾಮಾನು ಸಿಕ್ಕರೆ ಮಾತ್ರ ಹಂಡೆಗೆ ಕಳಿಸುತ್ತಿರಲಿಲ್ಲ. ಒಂದು ಕಾಲು ಮುರಿದ ಕುದುರೆ, ಚಕ್ರವಿಲ್ಲದ ಬಸ್ಸು, ಕೂದಲುದುರಿದ ಬೊಂಬೆ ಎಲ್ಲವನ್ನೂ ತೊಳೆದು ಕಾಂಪೌಂಡಿನ ಮೇಲೆ ಸಾಲಾಗಿ ಇಡುತ್ತಿದ್ದರು. ಸಂಜೆ ಶಾಲೆ ಬಿಟ್ಟು ಹೋಗುವ ಮಕ್ಕಳು ತಮಗೆ ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತಿದ್ದರು. "ಇದನ್ನೂ ಕಾಯಿಸಿದ್ರೆ ಎಣ್ಣೇನೆ ಅಲ್ವಾ ಅಕ್ಕ" ಎಂದು ರಂಗಸ್ವಾಮಿ ಕೇಳಿದ್ದಕ್ಕೆ, "ಇನ್ನೂ ಆಡೋ ಜೀವ ಐತೆ ಅದ್ರಲ್ಲಿ" ಎಂದಷ್ಟೇ ಹೇಳಿದರು.

ತೊಂದರೆ ಇದ್ದದ್ದು ವಾಸನೆಯದು. ಹಂಡೆ ಸರಿಯಾಗಿ ನಡೆದರೆ ವಾಸನೆ ಹೊರಗೆ ಬರಬಾರದು. ಆದರೆ ಹಳೆಯ ಯಂತ್ರ, ಎಲ್ಲೋ ಒಂದು ಕಡೆ ಬಿಗಿ ಸಡಿಲಾದರೆ ಸಾಕು, ಸುಟ್ಟ ಟೈರು ಮತ್ತು ಸೀಮೆಎಣ್ಣೆ ಸೇರಿದಂಥ ಒಂದು ನಾತ ರಸ್ತೆಯವರೆಗೂ ಹೋಗುತ್ತಿತ್ತು. ರಸ್ತೆಯ ಆಚೆಗೆ ಇದ್ದದ್ದು ಸಣ್ಣಮ್ಮನ ಮನೆ. ಸಣ್ಣಮ್ಮ ಅಕ್ಕನಿಗಿಂತ ಹಿರಿಯಳು. ನಮ್ಮ ಘಟಕದ ಹಿಂದೆ ಒಂದಿಷ್ಟು ಹೊಲ, ಎರಡು ಹಸು, ಮನೆಯ ಪಕ್ಕದಲ್ಲೇ ಒಂದು ಬಾವಿ. ಬೆಳಿಗ್ಗೆ ಎದ್ದು ಹಾಲು ಕರೆದಾದ ಮೇಲೆ ನಮ್ಮ ಗೇಟಿನ ಮುಂದೆ ನಿಂತು ಬೈಯುವುದು ಅವಳ ದಿನದ ಕೆಲಸಗಳಲ್ಲಿ ಒಂದಾಗಿತ್ತು.

"ನಿನ್ ಮನೇವ್ರನ್ನೆಲ್ಲ ಇಲ್ ತಂದ್ ಕೂರ್ಸು, ಗೊತ್ತಾಯ್ತದೆ! ನೀನು ಊರೊಳ್ಗೆ ತಣ್ಗೆ ಮಲೀಕತೀಯ, ನಾವು ಈ ನಾತ ಕುಡೀಬೇಕಾ?"

ಈ ಮಾತು ಅಕ್ಕನಿಗೆ ತಾಗಿತು. ಆ ವರ್ಷವೇ ಘಟಕದ ಕಾಂಪೌಂಡಿನೊಳಗೆ ಎರಡು ಕೋಣೆಯ ಮನೆ ಕಟ್ಟಿಸಿ ಊರಿನ ಮನೆ ಬಿಟ್ಟು ಬಂದರು. ಮಗಳು ಅತ್ತಳು. ಅಕ್ಕ ಕೇಳಲಿಲ್ಲ. ಅಲ್ಲಿಂದಾಚೆಗೆ ವಾಸನೆ ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೇ. ಅಡುಗೆ ಮಾಡುತ್ತಿದ್ದವರು ಸೌಟು ಹಿಡಿದುಕೊಂಡೇ ಶೆಡ್ಡಿಗೆ ಓಡಿ ಬರುತ್ತಿದ್ದರು. ಸಣ್ಣಮ್ಮನ ಬೈಗುಳ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಕೊರೊನಾ ಬಂದದ್ದು ಆಮೇಲೆ. ಅಕ್ಕನಿಗೆ ಜ್ವರ ಬಂದು, ಹಾಸನದ ಆಸ್ಪತ್ರೆಯಲ್ಲಿದ್ದು, ವಾಪಸ್ಸು ಬಂದರು. ಬಂದವರು ಮೊದಲಿನ ಹಾಗೇ ಇದ್ದರು. ಲಾರಿಯವರನ್ನು ಗದರುತ್ತಿದ್ದರು, ಚೂರುಗಳನ್ನು ಕಿವಿಗೆ ಹಿಡಿಯುತ್ತಿದ್ದರು. ಒಂದು ಬೆಳಿಗ್ಗೆ ನಾನು ಅವರ ಮನೆಯೊಳಗೆ ಹೋದಾಗ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಕರಕಲಾಗಿ, ಕೋಣೆಯೆಲ್ಲ ಹೊಗೆಯಾಗಿತ್ತು. ಅಕ್ಕ ಪಕ್ಕದಲ್ಲೇ ಬೆನ್ನು ತಿರುಗಿಸಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಓಡಿ ಹೋಗಿ ಗ್ಯಾಸು ಆರಿಸಿದೆ. ಅವರು ಪಾತ್ರೆಯನ್ನು ನೋಡಿದರು, ಆಮೇಲೆ ನನ್ನನ್ನು.

"ಮೂಗು ಓಗ್ಬುಟ್ಟದೆ ಕಣಮ್ಮ. ಬತ್ತದೆ, ಬತ್ತದೆ ಅಂದ್ರು ಡಾಕ್ಟ್ರು. ಬರ್ಲಿಲ್ಲ."

ಡೈರಿಯಲ್ಲಿ ಹಾಲಿನ ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಹುಳಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದವರು ಅವರು. ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಆ ದಿನ ಮಧ್ಯಾಹ್ನವೇ ಎಲ್ಲರನ್ನೂ ಕರೆದು ವಿಷಯ ತಿಳಿಸಿದರು. ಇನ್ನು ಮೇಲೆ ವಾಸನೆ ಬಂದರೆ ನೀವೇ ಹೇಳಬೇಕು ಅಂದರು. ಎಲ್ಲರೂ ಆಗಲಿ ಅಂದರು.

ಆದರೆ ಹೇಳಲಿಲ್ಲ. ನನ್ನನ್ನೂ ಸೇರಿಸಿ ಯಾರಿಗೂ ಮುಚ್ಚಿಡುವ ಉದ್ದೇಶವಿರಲಿಲ್ಲ. ದಿನವಿಡೀ ಅದರಲ್ಲೇ ಇದ್ದವರ ಮೂಗಿಗೆ ಅದು ವಾಸನೆ ಎಂದು ಅನ್ನಿಸುವುದಿಲ್ಲ. ಮೇಲಾಗಿ, ಹಂಡೆಯನ್ನು ನಡುವೆ ನಿಲ್ಲಿಸಿದರೆ ಅರ್ಧ ಬೆಂದ ಪ್ಲಾಸ್ಟಿಕ್ಕು ಒಳಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅದನ್ನು ಹಾರೆಯಿಂದ ಒಡೆದು ತೆಗೆಯುವುದು ಅದೇ ಹುಡುಗರ ಪಾಡು. ಅಕ್ಕ ದಿನವೂ "ವಾಸ್ನೆ ಇದೆಯೇನ್ರಪ್ಪ?" ಎಂದು ಕೇಳುವರು, ರಂಗಸ್ವಾಮಿ "ಏನೂ ಇಲ್ಲ ಅಕ್ಕ, ಆರಾಮಾಗಿರಿ" ಅನ್ನುವನು. ಗೇಟಿನಲ್ಲಿ ಸಣ್ಣಮ್ಮ ಬೈಯುತ್ತಲೇ ಇದ್ದಳು.

ಒಂದು ದಿನ ಅಕ್ಕ ರಸ್ತೆ ದಾಟಿದರು. ನನ್ನನ್ನೂ ಜೊತೆಗೆ ಕರೆದರು. ಸಣ್ಣಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟಳು. ಜಗಳಕ್ಕೇ ಬಂದಿದ್ದೇವೆ ಅಂದುಕೊಂಡಿರಬೇಕು.

"ಸಣ್ಣಕ್ಕ, ನಂಗೆ ಮೂಗು ಓಗ್ಬುಟ್ಟದೆ. ನಮ್ಮುಡುಗ್ರು ನಿಜ ಯೋಳಾಕಿಲ್ಲ. ನಿಂಗೆ ವಾಸ್ನೆ ಬಂದಾಗ ನಂಗೊಂದು ಮಿಸ್ ಕಾಲ್ ಕೊಡು. ನಾನು ಬೆಂಕಿ ಆರಿಸ್ತೀನಿ."

ಸಣ್ಣಮ್ಮ ಅನುಮಾನದಿಂದ ಕೇಳಿದಳು. "ನಂಗೇನ್ ಕೊಟ್ಟೀಯ?"

"ಏನೂ ಕೊಡಾಕಿಲ್ಲ. ಕೊಟ್ರೆ ನಿನ್ ಮೂಗೂ ನಮ್ ರಂಗಸ್ವಾಮಿ ಮೂಗಿನಂಗೇ ಆಯ್ತದೆ."

ಸಣ್ಣಮ್ಮ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ. "ಕಾಪಿ ಕುಡೀತೀರಾ?" ಅಂದಳು. ನಂಬರನ್ನು ಅವಳ ಫೋನಿಗೆ ಹಾಕಿಕೊಟ್ಟದ್ದು ನಾನೇ.

ಮಾತು ಹಾಗೇ ನಡೆಯಿತು. ಸಣ್ಣಮ್ಮನ ಮಿಸ್ ಕಾಲ್ ಬಂದರೆ ಅಕ್ಕ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು, "ರಂಗಸ್ವಾಮೀ, ಆರಿಸು" ಎಂದು ಕೂಗುತ್ತಿದ್ದರು. ಹುಡುಕಿ ನೋಡಿದರೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಸಂದು ಬಿಟ್ಟಿರುತ್ತಿತ್ತು. ಕೆಲವು ಸಲ ನಮ್ಮದೇನೂ ಇರುತ್ತಿರಲಿಲ್ಲ, ಮೇಲಿನ ಆಲೆಮನೆಯವರು ಬೆಲ್ಲದ ಒಲೆಗೆ ಟೈರು ಹಾಕಿರುತ್ತಿದ್ದರು. ಆಗಲೂ ಅಕ್ಕ ಆರಿಸಿದ ಬೆಂಕಿಯನ್ನು ಮತ್ತೆ ಹಚ್ಚಿಸುವ ಮುಂಚೆ ರಸ್ತೆಯ ಆಚೆಗೆ ನೋಡಿ ಕೈಸನ್ನೆಯಲ್ಲಿ ಕೇಳುತ್ತಿದ್ದರು. ಸಣ್ಣಮ್ಮ ಕೈ ಬೀಸಿದ ಮೇಲೇ ಹಚ್ಚುವುದು. ರಂಗಸ್ವಾಮಿಗೆ ಇದು ಅವಮಾನವೆನಿಸುತ್ತಿತ್ತು. "ನಾನು ಬಾಯ್ಲರ್ ಸರ್ಟಿಫಿಕೇಟ್ ತಗಂಡಿರೋದು ಈ ಮುದುಕಿ ಕೈಸನ್ನೆಗೆ ಕಾಯಾಕಾ?" ಎಂದು ನನ್ನ ಹತ್ತಿರ ಗೊಣಗುತ್ತಿದ್ದ. ಅವನ ಕೋಪದಲ್ಲಿ ಅನ್ಯಾಯವೇನೂ ಇರಲಿಲ್ಲ. ಹಾರೆ ಹಿಡಿದು ಹಂಡೆಯೊಳಗೆ ಇಳಿಯುತ್ತಿದ್ದವನು ಅವನೇ.

ಆ ನಡುವೆ ರಸ್ತೆ ಬದಿಯ ಜಮೀನಿಗೆ ಬೆಲೆ ಬಂತು. ಸಣ್ಣಮ್ಮನ ಅಣ್ಣನ ಮಗ ಲೋಕೇಶ ನಮ್ಮ ಘಟಕದ ಪಕ್ಕದ ಹೊಲಗಳನ್ನು ಹಿಡಿದು ಸೈಟು ಮಾಡಿಸಲು ಹೊರಟಿದ್ದ. ಸೈಟಿನ ಪಕ್ಕದಲ್ಲೇ ಕಸ ಕಾಯಿಸುವ ಚಿಮಣಿ ಇದ್ದರೆ ಕೊಳ್ಳುವವರು ಯಾರು? ಒಂದು ಸಲ ಅಕ್ಕನ ಹತ್ತಿರ ಬಂದು, ಜಾಗ ಕೊಟ್ಟುಬಿಡಿ ಎಂದು ವಿನಯವಾಗಿಯೇ ಕೇಳಿದ. ಅಕ್ಕ ಕಾಫಿ ಕೊಟ್ಟು ಕಳಿಸಿದರು.

ಅದಾದ ಮೇಲೆ ಮಿಸ್ ಕಾಲ್ ದಿನವೂ ಬರತೊಡಗಿತು. ಬೆಂಕಿ ಹಚ್ಚಿ ಹಂಡೆ ಬಿಸಿಯಾಗುವ ಹೊತ್ತಿಗೆ ಸರಿಯಾಗಿ ಫೋನು ಹೊಡೆದುಕೊಳ್ಳುತ್ತಿತ್ತು. ಅಕ್ಕ ಆರಿಸಿ ಅನ್ನುವರು. ನಾವು ಪ್ರತಿ ಸಂದನ್ನೂ ಸೋಪಿನ ನೀರು ಹಚ್ಚಿ ನೋಡುವೆವು. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಸಣ್ಣಮ್ಮ ಜಗಲಿಗೇ ಬರುತ್ತಿರಲಿಲ್ಲ, ಕೈಸನ್ನೆಯೂ ಇಲ್ಲ. ವಿಂಗಡಿಸಿಟ್ಟ ಕಸ ಶೆಡ್ಡಿನಲ್ಲಿ ತುಂಬಿ ಅಂಗಳಕ್ಕೆ ಬಂತು. ಲಾರಿಗಳು ಗೇಟಿನ ಹೊರಗೆ ಸಾಲು ನಿಂತವು. ಹುಡುಗರು ಕೆಲಸವಿಲ್ಲದೆ ನೆರಳಲ್ಲಿ ಕೂತು ಮೊಬೈಲು ನೋಡುತ್ತಿದ್ದರು.

ಕೊನೆಗೆ ರಂಗಸ್ವಾಮಿ ಎಲ್ಲರ ಎದುರಿಗೇ ಮಾತೆತ್ತಿದ.

"ಅಕ್ಕ, ಅವ್ಳು ಸುಳ್ಳು ಯೋಳ್ತಾವ್ಳೆ. ಆ ಲೋಕೇಶ ಯೋಳ್ಸ್ತಾವ್ನೆ. ಇಡೀ ರಸ್ತೆಗೇ ಗೊತ್ತು, ನಿಮಗೊಬ್ರಿಗ್ ಗೊತ್ತಿಲ್ವಾ?"

"ಇರಬೌದು."

"ಇರಬೌದು ಅಂದ್ರೆ? ಓಗಿ ಕೇಳಿ ಮತ್ತೆ! ಇಲ್ಲಾಂದ್ರೆ ಪೋನ್ ಎತ್ತಿಟ್ಬಿಡಿ."

"ನೋಡು ರಂಗಸ್ವಾಮಿ, ನಿನ್ ಮಾತು ನಿಜ ಇರಬೌದು. ಆದ್ರೆ ಯಾವ್ ಸಲ ಅವ್ಳು ಯೋಳಿದ್ದು ಸುಳ್ಳು, ಯಾವ್ ಸಲ ನಿಜ ಅಂತ ನಾನೇ ಕುಂತ್ಕಂಡು ತೀರ್ಮಾನ ಮಾಡೋದಾದ್ರೆ, ಅವ್ಳುನ್ ಯಾಕೆ ಕೇಳ್ಬೇಕಿತ್ತು? ಮಾತ್ ಕೊಟ್ಟಿದ್ದೀನಿ. ಅವ್ಳು ಮಾತು ತಪ್ಪುದ್ರೆ ಅದು ಅವ್ಳುದು."

ಅವತ್ತು ಸಂಜೆ ರಂಗಸ್ವಾಮಿ ಬಟ್ಟೆ ಕಟ್ಟಿಕೊಂಡು ಅರಕಲಗೂಡಿಗೆ ಹೊರಟುಹೋದ. ಅಕ್ಕ ತಡೆಯಲಿಲ್ಲ. ಬಸ್ಸು ಹತ್ತಿಸಲು ಮಾತ್ರ ರಸ್ತೆಯವರೆಗೂ ಹೋದರು. ನಾನೂ ಬೇರೆ ಕೆಲಸ ಹುಡುಕಿಕೊಳ್ಳುವುದು ಒಳ್ಳೆಯದು ಎಂದುಕೊಂಡೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದರು.

ಕೆಲವು ದಿನ ಕಳೆದ ಮೇಲೆ, ಬೆಳಿಗ್ಗೆ ನಾನು ಬಸ್ಸಿಳಿಯುವಾಗ ಸಣ್ಣಮ್ಮ ನಮ್ಮ ಗೇಟಿನೊಳಗೆ ಹೋಗುತ್ತಿದ್ದಳು. ಅದುವರೆಗೂ ಅವಳು ಗೇಟಿನ ಹೊರಗೆ ನಿಂತವಳೇ ಹೊರತು ಒಳಗೆ ಕಾಲಿಟ್ಟವಳಲ್ಲ. ಅಕ್ಕ ಅಂಗಳದಲ್ಲಿ ಕೂತು ಕವರು ಆರಿಸುತ್ತಿದ್ದರು. ಸಣ್ಣಮ್ಮ ನಿಂತೇ ಮಾತಾಡಿದಳು.

"ವಾಸ್ನೆ ಇರ್ಲಿಲ್ಲ ಕಣವ್ವ. ಇಷ್ಟ್ ದಿವ್ಸನೂ ಇರ್ಲಿಲ್ಲ."

ಅಕ್ಕ ತಲೆಯೆತ್ತಿ ನೋಡಿದರು.

"ನಿಂಗೆ ಗೊತ್ತಿತ್ತು, ಅಲ್ವಾ?" ಎಂದಳು ಸಣ್ಣಮ್ಮ. "ಗೊತ್ತಿದ್ದೂ ಆರಿಸ್ದೆ."

"ನಂಗೆಂಗ್ ಗೊತ್ತಾಗ್ಬೇಕು? ನಂಗ್ ಮೂಗಿಲ್ವಲ್ಲ."

ಸಣ್ಣಮ್ಮ ಅಲ್ಲೇ ಕುಕ್ಕರಿಸಿದಳು. ಲೋಕೇಶ ಬಂದು ಹೇಳಿಸಿದ್ದು, ಒಲ್ಲೆ ಅಂದರೆ ಹೊಲಕ್ಕೆ ಹೋಗುವ ದಾರಿ ಮುಚ್ಚುತ್ತೇನೆ ಅಂದದ್ದು, ಎಲ್ಲವನ್ನೂ ಹೇಳಿದಳು. ಅಕ್ಕ ಎದುರಿಗಿದ್ದ ರಾಶಿಯಿಂದ ಒಂದಿಷ್ಟನ್ನು ಅವಳ ಕಡೆಗೆ ಸರಿಸಿದರು. ಸಣ್ಣಮ್ಮ ಆರಿಸತೊಡಗಿದಳು. ಆಮೇಲೆ ಲೋಕೇಶ ದಾರಿ ಮುಚ್ಚಿದ್ದು ನಿಜ. ಅಕ್ಕ ತಮ್ಮ ಕಾಂಪೌಂಡಿನ ಒಂದು ಮೂಲೆಯನ್ನು ಒಡೆಸಿ, ಹಸು ಹೊಡೆದುಕೊಂಡು ಹೋಗಲು ಸುತ್ತು ದಾರಿ ಬಿಡಿಸಿಕೊಟ್ಟರು. ರಂಗಸ್ವಾಮಿಗೆ ಫೋನು ಮಾಡಿದ್ದು ಸಣ್ಣಮ್ಮನೇ. "ಬಾರಪ್ಪ, ತಪ್ಪಾಯ್ತು" ಅಂದಳಂತೆ. ಅವನು ಬಂದ.

ಅಲ್ಲಿಂದ ಮುಂದಿನ ಎರಡು ಮೂರು ವರ್ಷ ಘಟಕ ಚೆನ್ನಾಗಿ ನಡೆಯಿತು. ನನಗೆ ಚನ್ನರಾಯಪಟ್ಟಣದಲ್ಲೇ ಕಾಲೇಜಿನ ಕೆಲಸ ಸಿಕ್ಕಿತು. ಆದರೂ ಬಿಡುವಿನ ದಿನ ಹೋಗಿ ಎಣ್ಣೆ ಪರೀಕ್ಷೆ ಮಾಡಿಕೊಟ್ಟು ಬರುತ್ತಿದ್ದೆ. ನುಗ್ಗೇಹಳ್ಳಿಯ ಕಡೆಯಿಂದಲೂ ಕಸದ ಲಾರಿ ಬರತೊಡಗಿತ್ತು.

ಒಂದು ಭಾನುವಾರ ನಾನು ಅಲ್ಲಿದ್ದಾಗ ಸಣ್ಣಮ್ಮನ ಮಿಸ್ ಕಾಲ್ ಬಂತು. ಅವತ್ತು ಹಂಡೆಗೆ ರಜೆ, ಒಲೆ ತಣ್ಣಗಿತ್ತು. ಆಲೆಮನೆಯದಿರಬೇಕು ಎಂದು ಅಕ್ಕ ವಾಪಸ್ಸು ಫೋನು ಮಾಡಿ, "ಇವತ್ತು ನಮ್ಮದು ಇಲ್ಲ ಕಣಕ್ಕ" ಅಂದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು.

"ಗಾಳೀಲಲ್ಲ ಕಣವ್ವ. ನೀರ್ನಾಗೆ."

ಬಾವಿಯ ಕಟ್ಟೆಯ ಮೇಲೆ ಸಣ್ಣಮ್ಮ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ನಾನು ಮೂಸಿ ನೋಡಿದೆ. ತೆಳ್ಳಗೆ, ಆದರೆ ಬೇರೆ ಯಾವುದೂ ಅಲ್ಲದ, ನಮ್ಮದೇ ವಾಸನೆ. ಬಿಂದಿಗೆಯ ನೀರಿನ ಮೇಲೆ ಬಿಸಿಲಿಗೆ ಬಣ್ಣ ಬಣ್ಣದ ಪೊರೆಯೊಂದು ಅಲುಗುತ್ತಿತ್ತು. ಅಕ್ಕ ಬೆರಳದ್ದಿ ಹೆಬ್ಬೆರಳಿಗೆ ತಿಕ್ಕಿದರು.

ಶೆಡ್ಡಿನ ಹಿಂದೆ, ತಣ್ಣೀರಿನ ಕೊಳವೆಗಳಿಂದ ಬಸಿದ ಜಿಡ್ಡು ನೀರನ್ನು ತುಂಬಿಡುವ ಗುಂಡಿಯಿತ್ತು. ಸಿಮೆಂಟು ಮಾಡಿಸಿದ್ದದ್ದೇ. ನೀರೆಲ್ಲ ಹೊರತೆಗೆದು ನೋಡಿದಾಗ ತಳದಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು ಬಿಟ್ಟಿತ್ತು. ಎಷ್ಟು ಕಾಲದಿಂದ ಇಳಿಯುತ್ತಿತ್ತೋ. ರಂಗಸ್ವಾಮಿ, ಗುಂಡಿಯನ್ನು ಮುಚ್ಚಿ ನೆಲದ ಮೇಲೆ ಉಕ್ಕಿನ ಟ್ಯಾಂಕು ಇಟ್ಟರೆ ಮುಗಿಯಿತು ಅಂದ. ನನಗೂ ಅದು ಸರಿ ಅನ್ನಿಸಿತು, ಹಾಗೆಂದು ಹೇಳಿದೆ. ಅಕ್ಕ ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ಬಾವಿ ಯಾವಾಗ ಸರಿಯಾಯ್ತದಮ್ಮ?"

"ಗೊತ್ತಿಲ್ಲ ಅಕ್ಕ. ಆಗಬಹುದು, ಆಗದೇನೂ ಇರಬಹುದು."

"ಅಂಗಾದ್ರೆ ಅದು ಸರಿಯಾಗೋಗಂಟ ಇದು ಬ್ಯಾಡ."

ಸಣ್ಣಮ್ಮನೇ ನಿಲ್ಲಿಸಬೇಡ ಅಂದಳು. "ನಾನೇನು ನಿಲ್ಸು ಅಂದ್ನಾ? ಟ್ಯಾಂಕ್ ಇಕ್ಕಿಸು, ನಡೀಲಿ. ಆ ಉಡುಗ್ರು ಎಲ್ಗೋಯ್ತವೆ?" ಎಂದು ವಾದ ಮಾಡಿದಳು. ಅಕ್ಕ ಒಪ್ಪಲಿಲ್ಲ. ಹುಡುಗರಿಗೆ ಒಬ್ಬೊಬ್ಬರಿಗೂ ಬೇರೆ ಕಡೆ ಕೆಲಸ ಹುಡುಕಿಕೊಟ್ಟರು. ರಂಗಸ್ವಾಮಿ ಕೊನೆಯವನಾಗಿ ಹೋದ. ಹಂಡೆಯನ್ನು ತುಂಡು ಮಾಡಿ ಗುಜರಿಯವರು ಲಾರಿಗೆ ಹಾಕಿಕೊಂಡು ಹೋದ ದಿನ ಅಕ್ಕ ಮನೆಯೊಳಗಿಂದ ಹೊರಗೆ ಬರಲಿಲ್ಲ. ಗುಂಡಿಯ ಸುತ್ತಲಿನ ಮಣ್ಣನ್ನೆಲ್ಲ ಆಳಕ್ಕೆ ತೋಡಿಸಿ ಸಾಗಿಸಿದರು. ತಮ್ಮ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಅದು ಶುದ್ಧವಾಗಿದೆ ಎಂದು ಗೊತ್ತಾದ ಮೇಲೆ, ರಸ್ತೆಯ ಕೆಳಗಿನಿಂದ ಸಣ್ಣಮ್ಮನ ಮನೆಗೆ ಪೈಪು ಎಳೆಸಿದರು. ಬೇಸಿಗೆಯಲ್ಲಿ ಬಾವಿಯನ್ನು ಪೂರ್ತಿ ಬತ್ತಿಸಿ ಹೂಳು ತೆಗೆಸುವುದು, ಮಳೆಗಾಲದಲ್ಲಿ ತುಂಬಲು ಬಿಡುವುದು, ಮತ್ತೆ ಬತ್ತಿಸುವುದು. ಅವರ ಉಳಿದ ದಿನಗಳ ಕೆಲಸ ಅದೇ ಆಯಿತು.

ನಮ್ಮ ಕಾಲೇಜಿನಲ್ಲಿ ಪರಿಸರದ ಮೇಲೊಂದು ಕಾರ್ಯಕ್ರಮವಿತ್ತು. ಅಕ್ಕನನ್ನು ಕರೆಸಿದೆ. ಪ್ರಾಂಶುಪಾಲರು ಶಾಲು ಹೊದಿಸಿ, ಕಸದಿಂದ ರಸ ತೆಗೆದ ಸಾಧಕಿ ಎಂದು ಹೊಗಳಿದರು. ಮೈಕು ಕೈಗೆ ಬಂದಾಗ ಅಕ್ಕ ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟರು.

"ಎಣ್ಣೆ ತೆಗ್ದದ್ದು ನಿಜ. ಒಂದು ಬಾವಿ ಕೆಡಿಸ್ದೆ. ಅದನ್ನೂ ಯೋಳ್ಬೇಕು."

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, ಹಾಗಾದರೆ ಇಂಥ ಘಟಕ ಮಾಡಬೇಕೋ ಬೇಡವೋ ಎಂದು ಕೇಳಿದಳು.

"ಮಾಡ್ದೆ ಇದ್ರೆ ಅದು ನನ್ ಗದ್ದೇಗೇ ಬತ್ತದಲ್ಲಮ್ಮ. ಮಾಡ್ಬೇಕು. ಗುಂಡಿ ತಳ ಮಾತ್ರ ವರ್ಸಕ್ಕೊಂದ್ ಸಲ ಬರಿದು ಮಾಡಿ ನೋಡ್ಬೇಕು. ನಾನ್ ನೋಡ್ಲಿಲ್ಲ."

ಇಷ್ಟು ಹೇಳಿ ಕೂತರು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ.

ಹೋದ ತಿಂಗಳು ರಂಗಸ್ವಾಮಿ ಫೋನು ಮಾಡಿ ಅಕ್ಕ ಹೋದರು ಅಂದ. ಹೃದಯದ ತೊಂದರೆ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಮಾರನೆಯ ದಿನ ಬೆಳಿಗ್ಗೆ ತಲುಪಿದಾಗ ಖಾಲಿ ಶೆಡ್ಡಿನ ಮುಂದೆ ಶಾಮಿಯಾನ ಹಾಕಿದ್ದರು. ಕೊಣನೂರಿನಿಂದ ಮಗಳು, ಅಳಿಯ ಬಂದಿದ್ದರು. ತವರಿನವರು ಬಂದಿದ್ದರು. ಲೋಕೇಶನೂ ಬಂದು ಒಂದು ಬದಿಗೆ ಕುರ್ಚಿಯಲ್ಲಿ ಕೂತಿದ್ದ. ಹಳೆಯ ಹುಡುಗರಲ್ಲಿ ಸುಮಾರು ಜನ ಇದ್ದರು.

ಹೆಂಗಸರು ದೇಹಕ್ಕೆ ಸ್ನಾನ ಮಾಡಿಸಲು ಅಣಿಯಾದರು. ಯಾರೋ ಕೊಳವೆಬಾವಿಯ ನಲ್ಲಿಗೆ ಕೊಡ ಹಿಡಿದರು. ಸಣ್ಣಮ್ಮ ಎದ್ದು ಬಂದು ಆ ಕೊಡವನ್ನು ತೆಗೆದು ಪಕ್ಕಕ್ಕಿಟ್ಟಳು.

"ಈ ನೀರು ಬ್ಯಾಡ. ನನ್ ಬಾವಿ ನೀರು ತತ್ತೀನಿ."

ಸುತ್ತಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬಾವಿಯ ನೀರನ್ನು ಇಷ್ಟು ದಿನ ಹಸುವಿಗೂ ಕುಡಿಸಿರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅಕ್ಕನ ತಮ್ಮನ ಹೆಂಡತಿ ಮೆಲ್ಲಗೆ, "ಅದು ಕೆಟ್ಟೋಗ್ಬುಟ್ಟದಲ್ಲಮ್ಮ" ಅಂದಳು.

"ಯಾರ್ ಯೋಳಿದ್ದು?" ಎಂದಳು ಸಣ್ಣಮ್ಮ.

ಅವಳು ರಸ್ತೆ ದಾಟಿ ಹೋದಳು. ಅಕ್ಕನ ಮಗಳು ಕಣ್ಣೊರೆಸಿಕೊಂಡು ಅವಳ ಹಿಂದೆ ಹೋದಳು, ನಾನೂ ಹೋದೆ. ಸಣ್ಣಮ್ಮ ಹಗ್ಗ ಇಳಿಬಿಟ್ಟು ಸೇದಿದಳು. ಮೇಲೆ ಬಂದ ಬಿಂದಿಗೆಯಿಂದ ಒಂದು ಬೊಗಸೆ ತೆಗೆದು, ನಮ್ಮಿಬ್ಬರ ಎದುರಿಗೇ ಕುಡಿದಳು. ಉಳಿದದ್ದನ್ನು ಮಗಳ ಸೊಂಟಕ್ಕೆ ಎತ್ತಿಟ್ಟು, ಇನ್ನೊಂದು ಬಿಂದಿಗೆಗೆ ಹಗ್ಗ ಬಿಗಿದಳು.